ಕೊಡೆ ರಿಪೇರಿಯವನ ಜೊತೆ ಬಂದ ಪಾಪ

ಆ ಭಾನುವಾರ ನನ್ನ ಗಂಟಲು ಕಟ್ಟಿರದಿದ್ದರೆ ಇದೇನೂ ನಡೆಯುತ್ತಿರಲಿಲ್ಲ. ವಿಶಾಖಪಟ್ಟಣದ ಗಾಜುವಾಕದ ಮುಖ್ಯ ರಸ್ತೆಯಲ್ಲಿ ಒಂದು ಪಾತ್ರೆ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ನಮ್ಮ ಕನ್ನಡ ಬಳಗದ ಕೋಣೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅಲ್ಲಿ ಮಕ್ಕಳಿಗೆ ಕನ್ನಡ ತರಗತಿ. ಒಟ್ಟು ಹದಿನಾಲ್ಕು ಮಕ್ಕಳು, ಒಂಬತ್ತರಿಂದ ಹದಿಮೂರು ವರ್ಷದವರು. ಅರ್ಧ ಜನ ವರ್ಗವಾಗಿ ಬಂದ ಬ್ಯಾಂಕಿನವರ ಮಕ್ಕಳು, ಇನ್ನರ್ಧ ನೌಕಾಪಡೆಯವರ ಮಕ್ಕಳು. ಪಾಠ ಹೇಳುವವಳು ನಾನು. ಗಂಡನಿಗೆ ವಿಶಾಖಪಟ್ಟಣದ ಶಾಖೆಗೆ ವರ್ಗವಾದಾಗ ತುಮಕೂರಿನ ಹೈಸ್ಕೂಲಿಗೆ ದೀರ್ಘ ರಜೆ ಬರೆದುಕೊಟ್ಟು, ಕೆಂಪು ಪೆನ್ನನ್ನು ಮಾತ್ರ ಮರೆಯದೆ ಚೀಲಕ್ಕೆ ಹಾಕಿಕೊಂಡು ಬಂದವಳು.

ಈ ಮಕ್ಕಳ ಕನ್ನಡದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದರೆ ಇವರು ತೆಲುಗಿನಲ್ಲಿ ಉತ್ತರ ಕೊಡುತ್ತಾರೆ. ಶಾಲೆಯಲ್ಲಿ ಇಂಗ್ಲಿಷ್, ಮೆಟ್ಟಿಲ ಕೆಳಗೆ ಆಟವೆಲ್ಲ ತೆಲುಗು. ಪುಸ್ತಕ ಮರೆತು ಬಂದರೆ "ಮೇಡಂ, ಬುಕ್ ಮರ್ಚಿಪೋಯಾನು, ಸಾರಿ" ಎಂದು ಮೂರೂ ಭಾಷೆಯನ್ನು ಒಂದೇ ಉಸಿರಿಗೆ ಸೇರಿಸುತ್ತಾರೆ. ಅದರಲ್ಲಿ ಕನ್ನಡ ಎಲ್ಲಿದೆ ಎಂದು ಹುಡುಕಿದರೆ ನಾನು ಮೇಡಂ ಆಗಿರುವುದರಲ್ಲಿ ಇದೆ, ಅಷ್ಟೇ. ಒಮ್ಮೆ ಪಾಠದಲ್ಲಿ ರಾಣಿಯ ಚಿನ್ನದ ಬಳೆ ಎಂದು ಬಂದಿತ್ತು. ತೆಲುಗಿನಲ್ಲಿ ಚಿನ್ನ ಎಂದರೆ ಚಿಕ್ಕದು. ರಾಣಿಗೆ ಚಿಕ್ಕ ಬಳೆ ಯಾಕೆ, ಕೈಗೆ ಹಿಡಿಯುವುದಿಲ್ಲವಲ್ಲ ಎಂದು ಇಡೀ ತರಗತಿ ಚಿಂತೆ ಮಾಡಿತು. ಅವತ್ತು ನಾನು ನಕ್ಕು, ಬೋರ್ಡಿನ ಮೇಲೆ ತಿದ್ದಿ, ಮುಂದಕ್ಕೆ ಹೋದೆ. ಅದರಲ್ಲಿ ನನಗೇ ಒಂದು ಪಾಠವಿತ್ತು ಎಂದು ಹೊಳೆಯಲಿಲ್ಲ.

ನನ್ನ ಪದ್ಧತಿ ಗಟ್ಟಿಯಾಗಿತ್ತು. ಕತೆಯನ್ನು ನಾನು ಎರಡು ಸಲ ಜೋರಾಗಿ ಓದುತ್ತಿದ್ದೆ. ಮಕ್ಕಳು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಬರುತ್ತಿದ್ದರು. ಆಮೇಲೆ ಐದು ಪ್ರಶ್ನೆ, ಆರನೆಯದು ಈ ಕತೆಯ ನೀತಿ ಏನು ಎಂಬುದು. ನೀತಿ ಯಾವಾಗಲೂ ಒಂದೇ ಬರುತ್ತಿತ್ತು: ನಾವು ಎಲ್ಲರಿಗೂ ಸಹಾಯ ಮಾಡಬೇಕು. ಆಮೆಯ ಕತೆಗೂ ಅದೇ, ಕಾಗೆಯ ಕತೆಗೂ ಅದೇ, ಕಳ್ಳನೊಬ್ಬ ಸಿಕ್ಕಿಬಿದ್ದ ಕತೆಗೂ ಅದೇ. ಓದಿದ್ದು ಅವರನ್ನು ಮುಟ್ಟಿತೋ ಇಲ್ಲವೋ ಎಂದು ತಿಳಿಯುವ ದಾರಿಯೇ ನನಗಿರಲಿಲ್ಲ. ಆದರೆ ಅಕ್ಷರ ದುಂಡಗಿರುತ್ತಿತ್ತು, ನಾನು ಸರಿ ಗುರುತು ಹಾಕಿ ಕಳಿಸುತ್ತಿದ್ದೆ.

ಎರಡನೇ ಬೆಂಚಿನಲ್ಲಿ, ಕಿಟಕಿಯ ಪಕ್ಕ, ಹತ್ತು ವರ್ಷದ ಒಬ್ಬ ಹುಡುಗಿ ಕೂರುತ್ತಿದ್ದಳು. ತಂದೆ ನೌಕಾಪಡೆಯಲ್ಲಿ, ಗದಗಿನ ಕಡೆಯವರು. ನಾಲ್ಕು ತಿಂಗಳಿಂದ ಒಂದು ಭಾನುವಾರವೂ ತಪ್ಪಿಸಿರಲಿಲ್ಲ, ಒಂದು ಮಾತೂ ಆಡಿರಲಿಲ್ಲ. ಹೆಸರು ಕೂಗಿದರೆ ಕೈ ಎತ್ತುತ್ತಿದ್ದಳು. ಉತ್ತರಗಳನ್ನು ಪಾಠದಲ್ಲಿದ್ದ ಹಾಗೇ ನೋಡಿ ಬರೆದು ಕೊಡುತ್ತಿದ್ದಳು. ಅವಳ ತಂದೆ ಆ ತಿಂಗಳ ಮೊದಲ ವಾರ ಮೆಟ್ಟಿಲ ಬಳಿ ನನಗಾಗಿ ಕಾದು ನಿಂತಿದ್ದರು.

"ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ಊರಿಂದ ನಮ್ಮವ್ವ ಫೋನ್ ಮಾಡಿದ್ರ ಇಕಿ ಇನ್ನೂ ಬರೇ ಹ್ಞೂಂ ಅಂತಾಳ. ಇಲ್ಲಂದ್ರ ಫೋನು ನನ್ನ ಕೈಯಾಗ ಕೊಟ್ಟು ಹೋಗಿಬಿಡ್ತಾಳ. ಭಾನುವಾರ ಇದ ಹೊತ್ತಿಗೆ ಗಣಿತದ ಟ್ಯೂಷನ್ ಐತಿ. ವಿಜಯವಾಡದ ಕಾರ್ಯಕ್ರಮ ಒಂದು ಆಗ್ಲಿ. ಅಲ್ಲಿ ಆಕಿ ಬಾಯಿಬಿಟ್ಟು ನಾಕು ಮಾತು ಆಡಿದ್ಲಂದ್ರ ಚಲೋ. ಇಲ್ಲಂದ್ರ ಟ್ಯೂಷನ್ನಿಗೆ ಹಾಕ್ತೀನ್ರಿ."

ವಿಜಯವಾಡದಲ್ಲೂ ನಮ್ಮಂಥದ್ದೇ ಒಂದು ಬಳಗವಿದೆ. ವರ್ಷಕ್ಕೊಮ್ಮೆ ಎರಡೂ ಊರಿನ ಮಕ್ಕಳು ಅಲ್ಲಿ ಸೇರುತ್ತಾರೆ, ಓದಿದ್ದನ್ನು ವೇದಿಕೆಯ ಮೇಲೆ ತೋರಿಸುತ್ತಾರೆ. ಅದಕ್ಕೆ ಇನ್ನು ಆರು ವಾರವಿತ್ತು. "ಆಡ್ತಾಳೆ ಬಿಡಿ" ಎಂದು ನಾನು ಧೈರ್ಯ ಹೇಳಿದೆ. ಆ ಧೈರ್ಯ ನನ್ನಲ್ಲೇ ಇರಲಿಲ್ಲ.

ಪಠ್ಯಪುಸ್ತಕದ ಕತೆಗಳಲ್ಲಿ ಇವರು ಕಾಣದ ಗಿಡ, ಕಾಣದ ಹಬ್ಬ, ಕಾಣದ ಮನೆಗಳೇ ಇದ್ದವು. ಅದಕ್ಕೆ ನಾನೇ ಒಂದು ಪುಟದ ಕತೆ ಕಟ್ಟಿದೆ. ಮುದುಕನೊಬ್ಬ ಕೊಡೆ ರಿಪೇರಿ ಮಾಡುತ್ತೇನೆಂದು ಒಂದು ಬೀದಿಗೆ ಬರುತ್ತಾನೆ. ಯಾರ ಮನೆಯಲ್ಲೂ ಮುರಿದ ಕೊಡೆಯಿಲ್ಲ. ಸಂಜೆಯವರೆಗೂ ಕೂಗಿ ಸುಸ್ತಾಗಿ ಒಂದು ಮನೆಯ ಮೆಟ್ಟಿಲ ಮೇಲೆ ಕೂರುತ್ತಾನೆ. ಆ ಮನೆಯ ಹೆಂಗಸು ಒಳಗೆ ಹೋಗಿ, ತನ್ನ ಹೊಸ ಕೊಡೆಯ ಒಂದು ಕಡ್ಡಿಯನ್ನು ತಾನೇ ಮುರಿದು ತಂದು, ಸರಿಮಾಡಿಕೊಡು ಅಜ್ಜ ಎನ್ನುತ್ತಾಳೆ. ಇಷ್ಟೇ ಕತೆ. ಬೆರಳಿಂದ ಒತ್ತುವ ಬೇಸರಕ್ಕೆ ಫೋನಿಗೆ ಬಾಯಲ್ಲೇ ಹೇಳಿದೆ, ಅದು ಬರೆದುಕೊಂಡಿತು. ನಡುನಡುವೆ ಪೂರ್ಣವಿರಾಮ ಹಾಕಿ, ಕಾಗುಣಿತ ನೋಡಿ, ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಹದಿನೈದು ಪ್ರತಿ ತೆಗೆಸಿದೆ.

ಭಾನುವಾರ ಏಳುವಾಗಲೇ ಧ್ವನಿ ಹೋಗಿತ್ತು. ಬಿಸಿನೀರು, ಮೆಣಸು, ಶುಂಠಿ ಯಾವುದಕ್ಕೂ ಬಗ್ಗಲಿಲ್ಲ. ಜೋರಾಗಿ ಓದುವ ಹಾಗಿಲ್ಲ, ಪ್ರಶ್ನೆ ಕೇಳುವ ಹಾಗಿಲ್ಲ. ಹಾಳೆ ಹಂಚಿ ಬೋರ್ಡಿನ ಮೇಲೆ ಬರೆದೆ: ಮನಸ್ಸಿನಲ್ಲೇ ಓದಿ. ಓದಿದ ಮೇಲೆ ನಿಮಗೆ ಏನನಿಸಿತೋ ಚೀಟಿಯಲ್ಲಿ ಬರೆಯಿರಿ.

ನೀತಿ ಬರೆಯಬೇಕಾ ಎಂದು ಮುಂದಿನ ಸಾಲಿನ ಬಾಯಿಬಡುಕ ಹುಡುಗ ಕೇಳಿದ. ನಾನು ತಲೆಯಾಡಿಸಿ ಬೇಡ ಎಂದೆ. ಆಮೇಲೆ ಕೋಣೆ ಎಷ್ಟು ಸುಮ್ಮನಾಯಿತೆಂದರೆ ಕೆಳಗಿನ ಅಂಗಡಿಯಲ್ಲಿ ಸ್ಟೀಲ್ ಡಬ್ಬಿ ಜೋಡಿಸುವ ಸದ್ದು ಕೇಳುತ್ತಿತ್ತು. ಯಾರೂ ಕಿಟಕಿಯಾಚೆ ನೋಡಲಿಲ್ಲ. ಕೆಲವರು ಚೀಟಿ ತುಂಬಿ ಇನ್ನೊಂದು ಚೀಟಿ ಕೇಳಿದರು. ನನ್ನ ತರಗತಿಯಲ್ಲಿ ಯಾರೂ ಯಾವತ್ತೂ ಇನ್ನೊಂದು ಚೀಟಿ ಕೇಳಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮೇಜಿನ ಮೇಲೆ ಚೀಟಿ ಹರಡಿಕೊಂಡು ಕೂತೆ. ಮೊದಲನೆಯದು ಹೀಗಿತ್ತು: 'ಪಾಪಗೆ ಹಸಿವು ಆಗಿತ್ತು. ಅಜ್ಜ ಪಾಪಗೆ ಬಿಸ್ಕೆಟ್ ಕೊಡಬೇಕಿತ್ತು.' ಎರಡನೆಯದು: 'ಪಾಪ ಕಾಲು ನೋವು ಇದ್ದರೆ ಅಜ್ಜ ಎತ್ತಿಕೊಳ್ಳಬೇಕು. ನನ್ನ ಚೆಲ್ಲಿಯನ್ನು ನಾನು ಎತ್ತಿಕೊಳ್ಳುತ್ತೇನೆ.' ಚೆಲ್ಲಿ ಎಂದರೆ ತಂಗಿ, ಅದು ನನಗೆ ಗೊತ್ತಾಯಿತು. ಆದರೆ ಪಾಪ ಯಾರು? ಮೂರನೆಯದರಲ್ಲಿ ಪಾಪಳ ಚಿತ್ರವೇ ಇತ್ತು, ಎರಡು ಜಡೆ, ಕೈಯಲ್ಲಿ ಕೊಡೆ. ನಾನು ಬರೆದ ಕತೆಯಲ್ಲಿ ಮಗುವೇ ಇರಲಿಲ್ಲ.

"ಯಾವ ಪಾಪ ಕಣ್ರೀ ಇದು?" ಎಂದು ಒಡೆದ ಧ್ವನಿಯಲ್ಲಿ ಗಂಡನನ್ನು ಕೇಳಿದೆ.

ಅವರು ಪೇಪರಿನಿಂದ ತಲೆ ಎತ್ತದೆ ಹೇಳಿದರು, "ಎದುರು ಮನೆ ಆಕೆ ದಿನಾ ಬೆಳಿಗ್ಗೆ ಮಾ ಪಾಪ ಇಂಕಾ ಲೇವಲೇದು, ಇನ್ನೂ ಎದ್ದಿಲ್ಲ ಅಂತಾರಲ್ಲ, ಆ ಪಾಪ. ನಮ್ಮಲ್ಲಿ ಕೈಗೂಸಿಗೆ ಮಾತ್ರ ಪಾಪ ಅಂತೀವಿ, ಇವರಲ್ಲಿ ಓಡಾಡೋ ಪುಟ್ಟ ಹುಡುಗಿಯೂ ಪಾಪ. ಕನಿಕರಕ್ಕಾದರೆ ಇವರು ಪಾಪಂ ಅಂತಾರೆ."

ಆಗ ಹಾಳೆ ತೆಗೆದು ನೋಡಿದೆ. ಮುದುಕ ಮೆಟ್ಟಿಲ ಮೇಲೆ ಕುಳಿತ. ಪಾಪ ಬೆಳಗಿನಿಂದ ಏನೂ ತಿಂದಿರಲಿಲ್ಲ. ಇನ್ನೆರಡು ಸಾಲು ಕೆಳಗೆ, ಪಾಪ ಕಾಲು ನೋಯುತ್ತಿತ್ತು. ಕೊನೆಯಲ್ಲಿ ಹೆಂಗಸು ಎಲ್ಲಿಂದ ಬಂದಿರಿ ಎಂದು ಕೇಳುತ್ತಾಳೆ. ಪಾಪ ಒಂದು ಮಾತೂ ಆಡಲಿಲ್ಲ. ಫೋನಿಗೆ ಹೇಳುವಾಗ ಪಾಪ ಎಂದು ನಾನು ತಡೆದು, ಉಸಿರು ತೆಗೆದುಕೊಂಡೇ ಮುಂದಕ್ಕೆ ಹೇಳಿದ್ದೆ. ಫೋನಿಗೆ ಉಸಿರು ಬರೆಯಲು ಬರುವುದಿಲ್ಲ. ಇಡೀ ಪುಟದಲ್ಲಿ ಒಂದು ಅಲ್ಪವಿರಾಮವೂ ಇರಲಿಲ್ಲ.

ಮಕ್ಕಳ ತಪ್ಪು ಎಲ್ಲಿದೆ ಎಂದು ಹುಡುಕುತ್ತ ಹೋದೆ, ಸಿಗಲಿಲ್ಲ. ತಿಂದಿರಲಿಲ್ಲ, ಆಡಲಿಲ್ಲ ಎಂಬ ಪದಗಳಲ್ಲಿ ತಿನ್ನದವರು ಅಜ್ಜನೋ ಹುಡುಗಿಯೋ ಎಂದು ಕಾಣುವುದೇ ಇಲ್ಲ. ತೆಲುಗಿನಲ್ಲಿ ಪಾಪ ಕಾಲು ಎಂದರೆ ಪುಟ್ಟ ಹುಡುಗಿಯ ಕಾಲು ಎಂದೇ ಅರ್ಥ, ನಡುವೆ ಪ್ರತ್ಯಯ ಬೇಡ. ಮನೆಯಲ್ಲಿ ಅಮ್ಮಂದಿರು ಅಯ್ಯೋ ಪಾಪ ಎಂದು ಜೋಡಿಸಿ ಹೇಳುವುದನ್ನು ಇವರು ಕೇಳಿರಬಹುದು, ಆದರೆ ಕಾಗದದ ಮೇಲೆ ಅಯ್ಯೋ ಇಲ್ಲದ ಪಾಪ ಬಂದರೆ ಅದು ಎದುರು ಮನೆಯ ಪಾಪವೇ. ನಾನು ಜೋರಾಗಿ ಓದಿದ್ದರೆ ನನ್ನ ಧ್ವನಿಯಲ್ಲೇ ಆ ಅಲ್ಪವಿರಾಮ ಕೇಳಿಸಿಬಿಡುತ್ತಿತ್ತು. ಕಟ್ಟಿದ ಗಂಟಲು ಅದನ್ನೂ ತಡೆದಿತ್ತು.

ಇಷ್ಟು ತಿಳಿದ ಮೇಲೂ ಕೈ ಸುಮ್ಮನಿರಲಿಲ್ಲ. ಇಪ್ಪತ್ತು ವರ್ಷದ ಚಟ. ಒಂಬತ್ತು ಚೀಟಿಗಳಲ್ಲಿ ಪಾಪ ಎಂಬುದಕ್ಕೆ ಕೆಂಪು ಸುತ್ತು ಹಾಕಿ 'ಕತೆಯಲ್ಲಿ ಮಗು ಇಲ್ಲ' ಎಂದು ಬರೆದೆ. ಹತ್ತನೆಯದು ಕಿಟಕಿ ಪಕ್ಕದ ಹುಡುಗಿಯದು. ಅವಳು ಬರೆದಿದ್ದಳು:

'ಪಾಪ ಯಾಕ ಮಾತಾಡಲಿಲ್ಲ ಅಂದರ ಆಕಿಗೆ ಆ ಓಣಿ ಮಾತು ಬರಂಗಿಲ್ಲ. ಒಳಗ ಬರತೈತಿ. ಹೊರಗ ಬಂದರ ಎಲ್ಲಾರೂ ನಗತಾರ. ಅದಕ ಸುಮ್ನ ಅಜ್ಜನ ಛತ್ರಿ ಹಿಡಕೊಂಡು ನಿಂತಾಳ.'

ನಾನು ಪೆನ್ನು ಕೆಳಗಿಟ್ಟೆ. ನಾಲ್ಕು ತಿಂಗಳ ಹಿಂದಿನ ಮೊದಲ ಭಾನುವಾರ ನೆನಪಾಯಿತು. ಎಲ್ಲರೂ ತಮ್ಮ ಪರಿಚಯ ಹೇಳಿಕೊಳ್ಳುತ್ತಿದ್ದರು. ಈ ಹುಡುಗಿ ಎದ್ದು, "ನಮ್ಮಪ್ಪ ಹಡಗದಾಗ ಇರ್ತಾನ್ರಿ" ಎಂದಳು. ನಾನು, "ಹಾಗಲ್ಲಮ್ಮ, ನಮ್ಮ ತಂದೆ ಹಡಗಿನಲ್ಲಿ ಇರುತ್ತಾರೆ ಅನ್ನು" ಎಂದೆ. ಮಕ್ಕಳು ನಕ್ಕರು. ಅವಳು ನಾನು ಹೇಳಿದ್ದನ್ನು ಹೇಳದೆ ಕೂತಳು. ಅದಾದ ಮೇಲೆ ನಾನು ಅದನ್ನು ಮರೆತಿದ್ದೆ, ಅವಳು ಮರೆತಿರಲಿಲ್ಲ. ಮಕ್ಕಳ ಈ ವಯಸ್ಸಿನಲ್ಲಿ ಮೇಷ್ಟರ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆಂದು ತಿಳಿದಿದ್ದ ನನಗೆ ಅವತ್ತು ನಾಚಿಕೆಯಾಯಿತು.

ನಾಚಿಕೆಯಾದರೆ ಬುದ್ಧಿ ಬರುತ್ತದೆ ಎಂದೇನೂ ಇಲ್ಲ. ಮುಂದಿನ ಭಾನುವಾರ ಇನ್ನೊಂದು ಎಡವಟ್ಟು ಮಾಡಿದೆ. ತಪ್ಪು ನನ್ನದು, ನಾನೇ ಸರಿಪಡಿಸಬೇಕು ಎಂದುಕೊಂಡು ಅಲ್ಪವಿರಾಮ ಹಾಕಿದ ಹೊಸ ಹಾಳೆ ತಂದು, ಚೀಟಿಗಳನ್ನು ಹಿಂದಕ್ಕೆ ಕೊಟ್ಟು, ಕನ್ನಡದ ಪಾಪ ಮತ್ತು ತೆಲುಗಿನ ಪಾಪ ಎಂದು ಬೋರ್ಡಿನ ಮೇಲೆ ಎರಡು ಕಾಲಂ ಮಾಡಿ ವಿವರಿಸಿದೆ. ವಿವರಣೆ ಚೆನ್ನಾಗಿಯೇ ಇತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಂದ್ರೆ ಪಾಪ ಲೇದಾ ಮೇಡಂ?" ಎಂದು ಬಾಯಿಬಡುಕ ಹುಡುಗ ಕೇಳಿದ.

"ಇಲ್ಲಪ್ಪ. ಅಜ್ಜ ಒಬ್ಬನೇ ಬಂದಿದ್ದು."

ಕಿಟಕಿ ಪಕ್ಕದ ಹುಡುಗಿ ತನ್ನ ಚೀಟಿಯನ್ನು, ನಾನು ಒಂದು ಗುರುತೂ ಹಾಕದೆ ಕೊಟ್ಟಿದ್ದ ಚೀಟಿಯನ್ನು, ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಈಗ ಮತ್ತೆ ಓದಿ ಬರೆಯಿರಿ ಎಂದೆ. ಹದಿಮೂರು ಚೀಟಿಗಳು ಬಂದವು. ನಾವು ಎಲ್ಲರಿಗೂ ಸಹಾಯ ಮಾಡಬೇಕು. ಹದಿನಾಲ್ಕನೆಯದು ಖಾಲಿ.

ಬಳಗದ ಕಾರ್ಯದರ್ಶಿಗೆ ವಿಷಯ ಹೇಳಿದೆ. ಅವರು ಮಂಡ್ಯದವರು, ಬ್ಯಾಂಕಿನಲ್ಲಿ ಹಿರಿಯ ಗುಮಾಸ್ತರು, ಸ್ವಭಾವತಃ ಒಳ್ಳೆಯವರು. "ಮೇಡಂ, ಅಲ್ಲಿಗ್ ಹೋಗಿ ಪಾಪ ಅಂದ್ರೆ ಹುಡ್ಗಿ ಅಂದ್ಕೊಂಡ್ರು ಅಂತ ಹೇಳೋಕಾಯ್ತದಾ? ವಿಜಯವಾಡದೋರು ವರ್ಷಗಟ್ಲೆ ಆಡ್ಕೋತಾರೆ. ಒಂದು ಪದ್ಯ ಬಾಯಿಪಾಠ ಮಾಡ್ಸಿ, ಸಾಲಾಗಿ ನಿಲ್ಸಿ, ಮುಗೀತು" ಎಂದರು. ಅದೂ ಸರಿಯೇ ಅನಿಸಿತು. ಬಾಯಿಪಾಠದಲ್ಲಿ ಆ ಹುಡುಗಿಯೂ ತುಟಿ ಆಡಿಸಿದರೆ ಅವಳ ತಂದೆಗೆ ದೂರದಿಂದ ಗೊತ್ತಾಗಲಿಕ್ಕಿಲ್ಲ ಎಂಬ ಕಳ್ಳ ಯೋಚನೆಯೂ ಬಂತು.

ಆ ವಾರದ ನಡುವೆ ರಜೆಯೊಂದಿತ್ತು. ಭೀಮುನಿಪಟ್ಟಣದ ಕಡಲ ದಂಡೆಗೆ ಹೋಗಿ ನಾನೂ ಗಂಡನೂ ಸುಟ್ಟ ಜೋಳದ ತೆನೆ ತಿನ್ನುತ್ತ ಕೂತಿದ್ದೆವು. ದೋಣಿಗಳನ್ನು ಮರಳಿನ ಮೇಲೆ ಎಳೆದಿಟ್ಟಿದ್ದರು. ನಾನು ಒಂದೇ ಸಮನೆ ಅದೇ ಪುರಾಣ ಹೇಳುತ್ತಿದ್ದೆ. ಕೊನೆಗೆ ಅವರು ತೆನೆಯ ದಿಂಡು ಎಸೆದು ಹೇಳಿದರು, "ನೋಡು, ತಪ್ಪು ಬರೆದವಳು ನೀನು. ಬರೆದದ್ದನ್ನು ಸರಿಯಾಗಿ ಓದಿದವರು ಅವರು. ಇದರಲ್ಲಿ ತಿದ್ದೋದು ಯಾರನ್ನ?"

ಇವರು ಇಷ್ಟು ಚೆನ್ನಾಗಿ ಮಾತಾಡುವುದು ವರ್ಷಕ್ಕೆ ಒಂದೆರಡು ಸಲ. ಅಲ್ಲಿ ಕೂತೇ ತೀರ್ಮಾನ ಮಾಡಿದೆ. ಅಲ್ಪವಿರಾಮ ಇರುವ ಹಾಳೆ, ಇಲ್ಲದ ಹಾಳೆ ಎರಡನ್ನೂ ವಿಜಯವಾಡಕ್ಕೆ ಒಯ್ಯುವುದು. ಎರಡನ್ನೂ ಕತೆ ಎಂದೇ ಒಯ್ಯುವುದು. ಆಡಿಕೊಳ್ಳುವವರು ನನ್ನನ್ನು ಆಡಿಕೊಳ್ಳಲಿ, ಬರೆದವಳು ನಾನೇ ತಾನೆ.

ಮೂರನೆಯ ಭಾನುವಾರ ಚಾರ್ಟ್ ಪೇಪರ್ ಕತ್ತರಿಸಿ ರಟ್ಟಿಗೆ ಅಂಟಿಸಿಕೊಂಡು ಹೋದೆ. ಒಂದೊಂದು ರಟ್ಟಿನ ಮೇಲೆ ಒಂದೊಂದು ಪದ. ಮುದುಕ. ಮೆಟ್ಟಿಲ ಮೇಲೆ. ಕುಳಿತ. ಪಾಪ. ಬೆಳಗಿನಿಂದ. ಏನೂ. ತಿಂದಿರಲಿಲ್ಲ. ಎರಡು ಪೂರ್ಣವಿರಾಮಕ್ಕೆ ಎರಡು ರಟ್ಟು. ಅಲ್ಪವಿರಾಮಕ್ಕೂ ಒಂದು, ದೊಡ್ಡದಾಗಿ, ಬಾಲ ಬಿಟ್ಟುಕೊಂಡು. ಮಕ್ಕಳು ರಟ್ಟು ಹಿಡಿದು ಸಾಲಾಗಿ ನಿಲ್ಲಬೇಕು, ತಮ್ಮ ಪದವನ್ನು ತಾವು ಓದಬೇಕು. ಅಲ್ಪವಿರಾಮ ಸಾಲಿನಲ್ಲಿದ್ದರೆ ಅದರ ಬಳಿ ಎಲ್ಲರೂ ಒಂದು ಉಸಿರು ತಡೆಯಬೇಕು. ರಟ್ಟು ಸಿಗದವರು ಎದುರು ಕೂತು ಕೇಳಿ, ತಮಗೆ ಯಾರು ಕಂಡರು ಎಂದು ಹೇಳಬೇಕು. ನಾನು ನಡುವೆ ಬಾಯಿ ಹಾಕಬಾರದು, ಇದು ನನಗೆ ನಾನೇ ಮಾಡಿಕೊಂಡ ನಿಯಮ. ಪೆನ್ನನ್ನು ಮನೆಯ ಡ್ರಾಯರಿನಲ್ಲೇ ಇಟ್ಟು ಬಂದಿದ್ದೆ.

ತಿಂದಿರಲಿಲ್ಲ ಬೇಕೆಂದು ಮೂವರು ಜಗಳವಾಡಿದರು, ಪದ ಉದ್ದವಾಗಿತ್ತು. ಅಲ್ಪವಿರಾಮ ಯಾರಿಗೂ ಬೇಡವಾಗಿತ್ತು. ಅದಕ್ಕೆ ಹೇಳಲು ಏನೂ ಇಲ್ಲವಲ್ಲ. ಆಗ ಕಿಟಕಿಯ ಪಕ್ಕದಿಂದ ಒಂದು ಕೈ ಮೇಲೆ ಬಂತು. ಮಾತಾಡದೆ ಮಾಡಬಹುದಾದ ಕೆಲಸ ಕೊನೆಗೂ ಒಂದು ಸಿಕ್ಕಿತು ಎಂದು ಅವಳಿಗೆ ಅನಿಸಿರಬೇಕು. ರಟ್ಟು ಕೊಟ್ಟೆ.

ಮೊದಲ ಸುತ್ತಿನಲ್ಲಿ ಅವಳು ಪಾಪ ಮತ್ತು ಬೆಳಗಿನಿಂದ ಎರಡರ ನಡುವೆ ಗೋಡೆಗೆ ಆನಿಸಿದ ಹಾಗೆ ನಿಂತಳು. ಮಕ್ಕಳು ಓದಿದರು, ಉಸಿರು ತಡೆದರು, ಮುಗಿಸಿದರು. ಎದುರು ಕೂತವರು ಅಜ್ಜ ಎಂದರು. ಈಗ ಅಲ್ಪವಿರಾಮ ಪಕ್ಕಕ್ಕೆ ಹೋಗಲಿ ಎಂದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಸಾಲು ಕೂಡಿಕೊಂಡಿತು. ಓದಿದರು. ಎದುರಿನವರು ಪಾಪ ಎಂದರು. ಮತ್ತೆ ನಿಲ್ಲು ಎಂದೆ, ಅಜ್ಜ ಬಂದ. ನಾಲ್ಕನೇ ಸಲ ನಾನು ಹೇಳುವ ಮೊದಲೇ ಅವಳು ತಾನಾಗಿ ಹಿಂದೆ ಸರಿದಳು. ಐದನೇ ಸಲ, ಸಾಲು ಓದುತ್ತಿರುವಾಗಲೇ ಕೊನೆಯ ಗಳಿಗೆಯಲ್ಲಿ ನುಗ್ಗಿ ನಿಂತಳು, ಬೆಳಗಿನಿಂದ ಎಂಬುದು ತಡಬಡಾಯಿಸಿತು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು.

"ನಾ ಸರದ್ರ ಪಾಪ ಬರ್ತಾಳ್ರೀ ಮೇಡಂ. ನಾ ನಿಂತ್ರ ಹೋಗ್ತಾಳ."

ಬರುತ್ತಾಳೆ ಎಂದು ತಿದ್ದಲು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. "ಹೌದಲ್ಲ" ಎಂದೆ, ಅಷ್ಟೇ. ಒಳಗೊಳಗೆ ಕುಣಿಯುವಷ್ಟು ಖುಷಿಯಾಗಿತ್ತು.

ತರಗತಿ ಮುಗಿದ ಮೇಲೆ ಅವಳನ್ನು ನಿಲ್ಲಿಸಿ, ಆ ಮಡಿಸಿಟ್ಟ ಚೀಟಿ ಇದೆಯಾ ಎಂದು ಕೇಳಿದೆ. ಇತ್ತು, ಚೀಲದ ಅದೇ ಜಾಗದಲ್ಲಿ. ವಿಜಯವಾಡದಲ್ಲಿ ಓದುತ್ತೀಯಾ ಎಂದೆ. ಚೀಟಿಯ ಮಡಿಕೆ ಬಿಚ್ಚಿ ಮತ್ತೆ ಮಡಿಸಿದಳು.

"ನೀವು ತಿದ್ದಂಗಿಲ್ಲಲ್ರೀ?"

"ತಿದ್ದಲ್ಲ. ಬರೆದ ಹಾಗೇ ಓದು."

ಉಳಿದ ಭಾನುವಾರಗಳು ಅಭ್ಯಾಸದಲ್ಲಿ ಕಳೆದವು. ಉಸಿರು ತಡೆಯುವುದು ನೋಡಲು ಸುಲಭ, ಮಾಡಲು ಕಷ್ಟ. ಕೆಲವರು ಮುಳುಗುವವರ ಹಾಗೆ ಕೆನ್ನೆ ಉಬ್ಬಿಸುತ್ತಿದ್ದರು. ಅವರಿಗೆ ನೂಲಿನಲ್ಲಿ ಗಂಟು ಹಾಕಿದಷ್ಟು ಹೊತ್ತು ಎಂದು ಹೇಳಿಕೊಟ್ಟೆ. ಕಾರ್ಯದರ್ಶಿಗಳು ಒಮ್ಮೆ ಬಂದು ಬಾಗಿಲಲ್ಲಿ ನಿಂತು ನೋಡಿ, ಪದ್ಯದ ವಿಷಯ ಮತ್ತೆ ಎತ್ತಲಿಲ್ಲ.

ಶನಿವಾರದ ರೈಲಿಗೆ ಹೊರಟು ವಿಜಯವಾಡ ಸೇರಿದೆವು. ಮಕ್ಕಳ ಜೊತೆ ಐದಾರು ಮಂದಿ ತಂದೆ ತಾಯಿಯರೂ ಇದ್ದರು, ಆ ಹುಡುಗಿಯ ತಂದೆಯೂ ರಜೆ ಹಾಕಿ ಬಂದಿದ್ದರು. ಭಾನುವಾರ ಬೆಳಿಗ್ಗೆ ಕೃಷ್ಣಾ ನದಿಗೆ ಹತ್ತಿರದ ಒಂದು ಸಭಾಂಗಣದಲ್ಲಿ ಕಾರ್ಯಕ್ರಮ. ಎಲ್ಲರಿಗೂ ಹೆಸರುಕಾಳಿನ ಬಿಸಿ ಪೆಸರಟ್ಟು, ಶುಂಠಿ ಚಟ್ನಿ ಬಡಿಸಿದರು. ನನಗೆ ಇಳಿಯಲಿಲ್ಲ. ರಟ್ಟುಗಳನ್ನು ಎಣಿಸುವುದು, ಚೀಲಕ್ಕೆ ಹಾಕುವುದು, ಮತ್ತೆ ತೆಗೆದು ಎಣಿಸುವುದು, ಇದೇ ಆಯಿತು.

ವಿಜಯವಾಡದ ಮಕ್ಕಳು ಪದ್ಯಗಳನ್ನು ಎಷ್ಟು ಶುದ್ಧವಾಗಿ ಹೇಳಿದರೆಂದರೆ ನಾನು ರಟ್ಟುಗಳನ್ನು ಇನ್ನೊಮ್ಮೆ ಎಣಿಸಿದೆ. ಆಮೇಲೆ ನಮ್ಮವರು ವೇದಿಕೆ ಹತ್ತಿದರು. ಅಲ್ಪವಿರಾಮ ನಿಂತಿತು, ಅಜ್ಜ ಬಂದ. ಸರಿಯಿತು, ಪಾಪ ಬಂದಳು. ಸಭೆ ಮೊದಲು ಗೊಂದಲದಿಂದ ನೋಡಿತು, ಆಮೇಲೆ ನಗು ಎದ್ದಿತು. ಅದು ಒಳ್ಳೆಯ ನಗು, ಆದರೂ ನನ್ನ ಕಣ್ಣು ಅವಳ ಮೇಲೇ ಇತ್ತು. ಅವಳು ರಟ್ಟನ್ನು ಪಕ್ಕದವಳ ಕೈಗೆ ಕೊಟ್ಟು, ನಾಲ್ಕು ಮಡಿಕೆಯ ಚೀಟಿ ಬಿಚ್ಚಿ, ಮೈಕಿಗೆ ತೀರಾ ಹತ್ತಿರ ಬಾಯಿಟ್ಟು ಓದಿದಳು. ಒಳಗ ಬರತೈತಿ, ಹೊರಗ ಬಂದರ ಎಲ್ಲಾರೂ ನಗತಾರ ಎಂಬಲ್ಲಿಗೆ ಬರುವಾಗ ಸಭೆಯಲ್ಲಿ ನಗು ಇರಲಿಲ್ಲ. ಎದುರಿನ ಕುರ್ಚಿಗಳಲ್ಲಿ ಅಂಥ ಮಕ್ಕಳ ಅಪ್ಪ ಅಮ್ಮಂದಿರೇ ತುಂಬಿದ್ದರು.

ಅಲ್ಲಿನ ಬಳಗದ ಹಿರಿಯರು, ಬಳ್ಳಾರಿ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರು, ಮೊದಲ ಸಾಲಿನಿಂದ ಎದ್ದು ನಿಂತರು.

"ಏನಮ್ಮಾ, ಎರಡು ರೀತಿ ಓದಿದ್ರಿ. ಯಾವ್ದು ಸರಿ ಅಂತ ಹೇಳ್ಬೇಕಲ್ಲ?"

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಬೇಕೆಂದೇ ರಟ್ಟುಗಳ ಕಡೆ ನೋಡಿದೆ.

"ಎರಡೂ ಸರಿ ಅದಾವ್ರಿ" ಎಂದಳು. ಸ್ವಲ್ಪ ತಡೆದು, "ಅಜ್ಜ ಒಬ್ಬನ ಬಂದ್ರ ಅವಂಗ ಬ್ಯಾಸರ ಆಗ್ತೈತಿ. ಜೋಡಿ ಪಾಪ ಇರ್ಲಿ ಬಿಡ್ರಿ" ಎಂದಳು.

ಹಿರಿಯರು ಕೂತರು. ಕಾರ್ಯಕ್ರಮ ಮುಗಿದ ಮೇಲೆ ನನ್ನ ಬಳಿ ಬಂದು ಅಲ್ಪವಿರಾಮವಿಲ್ಲದ ಹಾಳೆಯ ಒಂದು ಪ್ರತಿ ಕೇಳಿದರು, ತಮ್ಮ ಮಕ್ಕಳಿಗೂ ಓದಲು ಕೊಡುತ್ತಾರಂತೆ. ಕೊಟ್ಟೆ. ಕಿಸೆಯಿಂದ ಪೆನ್ನು ತೆಗೆದು, ಅಲ್ಲೇ ನಿಂತು, ಎರಡನೆಯ ಸಾಲಿನಲ್ಲಿ ನಾನು ಬಿಟ್ಟಿದ್ದ ಒಂದು ದೀರ್ಘವನ್ನು ತಿದ್ದಿಕೊಂಡರು. ಅವರ ಪೆನ್ನೂ ಕೆಂಪೇ.

ಊಟದ ಹೊತ್ತಿಗೆ ಒಬ್ಬನ ಚಪ್ಪಲಿ ಕಳೆದಿತ್ತು, ಇಬ್ಬರ ನೀರಿನ ಬಾಟಲಿ ಅದಲುಬದಲಾಗಿತ್ತು. ಊಟಕ್ಕೆ ಕೂರದೆ ಅದನ್ನೆಲ್ಲ ಹುಡುಕಿ, ಎಲ್ಲರನ್ನೂ ಆಟೋಗಳಿಗೆ ತುಂಬಿ ಸ್ಟೇಷನ್ನಿಗೆ ಬರುವಷ್ಟರಲ್ಲಿ ರೈಲು ಬಂದಿತ್ತು. ಸೀಟಿನಲ್ಲಿ ಕೂತಾಗಲೇ ನನಗೆ ಸುಸ್ತು ಎಂಬುದೊಂದು ಇದೆ ಎಂದು ಗೊತ್ತಾಗಿದ್ದು. ಎದುರಿನ ಸೀಟಿನಲ್ಲಿ ಆ ಹುಡುಗಿ ಮತ್ತು ಅವಳ ತಂದೆ. ಟ್ಯೂಷನ್ನಿನ ವಿಷಯ ಇನ್ನೂ ತೀರ್ಮಾನವಾಗಿರಲಿಲ್ಲ. ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದೆ.

ಗೋದಾವರಿ ಸೇತುವೆಗೆ ಸ್ವಲ್ಪ ಮೊದಲು, ಇನ್ನೂ ಬೆಳಕಿರುವಾಗಲೇ, ಅವರ ಫೋನು ಬಡಿಯಿತು. ಊರಿಂದ ಅವರ ತಾಯಿ. ಎರಡು ಮಾತಾಡಿ ಮಗಳ ಕೈಗೆ ಕೊಟ್ಟರು. ನಾನು ಕಣ್ಣು ತೆರೆಯಲಿಲ್ಲ, ಹ್ಞೂಂ ಎಂಬುದಕ್ಕೆ ಕಾದೆ.

"ಹ್ಞೂಂ" ಎಂದಳು. "ಹ್ಞೂಂ ಅಜ್ಜಿ." ಆಮೇಲೆ, "ಅಲ್ಲ ಅಜ್ಜಿ, ಹಾಡು ಅಲ್ಲ. ಛತ್ರಿ ರಿಪೇರಿ ಮಾಡೋ ಅಜ್ಜನ ಕತಿ. ಅವನ ಜೋಡಿ ಒಂದು ಪಾಪ ಬಂದಿತ್ತು. ಪಾಪ ಅಂದ್ರ... ನಿಮ್ಮ ಪಾಪ ಅಲ್ಲ, ನಮ್ಮ ಪಾಪ. ತಡಿ, ಮೊದ್ಲಿಂದ ಹೇಳ್ತೀನಿ."

ಮೊದಲಿಂದ ಹೇಳಿದಳು. ಸೇತುವೆಯ ಸದ್ದಿಗೆ ದನಿ ಏರಿಸಿ ಹೇಳಿದಳು, ಪದ ಸಿಗದ ಕಡೆ ತೆಲುಗು ಹಾಕಿದಳು, ಅಜ್ಜಿಗೆ ಅರ್ಥವಾಗದಿದ್ದರೆ ಇನ್ನೊಂದು ರೀತಿ ಹೇಳಿದಳು. ನದಿ ದಾಟಿ ಮುಗಿಯುವವರೆಗೂ ಹೇಳುತ್ತಲೇ ಇದ್ದಳು. ನಡುವೆ ಅವಳ ತಂದೆ ನನ್ನ ಕಡೆ ಬಗ್ಗಿ, ನಾನು ಎಚ್ಚರವಿದ್ದೇನೆಂದು ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ, ಮೆಲ್ಲಗೆ ಕೇಳಿದರು, "ಮೇಡಂ, ಮುಂದಿನ ಭಾನುವಾರನೂ ಹತ್ತಕ್ಕ ಅಲ್ರೀ?"

ಹೌದು ಎಂದು ತಲೆಯಾಡಿಸಿದೆ. ಆ ಕಡೆಯಿಂದ ಅಜ್ಜಿ ನಿಮ್ಮ ಟೀಚರ್ ಎಲ್ಲಿದ್ದಾರೆ ಎಂದು ಕೇಳಿರಬೇಕು.

"ಇಲ್ಲೇ ಎದುರಿಗೆ ಕುಂತಾರ" ಎಂದಳು. "ಪಾಪ," ಒಂದು ಉಸಿರು ತಡೆದಳು, "ಮುಂಜಾನಿಂದ ಏನೂ ತಿಂದಿಲ್ಲ."

ನಾನು ಕಣ್ಣು ತೆರೆದೆ. ಅವಳ ತಂದೆ ಚೀಲದಿಂದ ಡಬ್ಬಿ ತೆಗೆದು, ಬಟ್ಟೆ ಬಿಚ್ಚಿ, ಎರಡು ಖಡಕ್ ರೊಟ್ಟಿ, ಚಟ್ನಿಪುಡಿ, ಮೊಸರು ಇಟ್ಟು ನನ್ನ ಮುಂದೆ ಚಾಚಿದರು. ತಗೊಂಡು ತಿಂದೆ.